ಅಪ್‌ಡೇಟ್: ಹಂಚಿಕೆ ಬದಲಿಸಿದ ಮೇಲೆ ವಾಲ್ವ್ ತಡವಾಗುತ್ತಿಲ್ಲ

ದಾವಣಗೆರೆಯಲ್ಲಿ ನಾವು ಕಟ್ಟುತ್ತಿರುವ ಮೆಕ್ಕೆಜೋಳ ವಿಂಗಡಿಸುವ ಯಂತ್ರದ ಬಗ್ಗೆ ಕೇಳಿದ್ದೆ: ಅದನ್ನು ನಡೆಸುವ ಮೂರು ಕಂಪ್ಯೂಟರ್ ಬೋರ್ಡ್‌ಗಳ ಒಟ್ಟು ಲೋಡ್ (ಕೆಲಸದ ಹೊರೆ) ಅರ್ಧಕ್ಕಿಂತ ಕಡಿಮೆ ಇದ್ದರೂ, ಕ್ಯಾಮೆರಾ ಗುರುತಿಸಿದ ಹುಳುಕು ಕಾಳನ್ನು ಹಾರಿಸುವ ಗಾಳಿ ವಾಲ್ವ್ ಯಾಕೆ ತಡವಾಗಿ ತೆರೆಯುತ್ತದೆ ಅಂತ.

ನೀವು ಊಹಿಸಿದ್ದೇ ನಿಜ. ಸರಾಸರಿ ಲೋಡ್ ನೋಡಿ ಕೆಲಸ ಹಂಚುವ ತಂತ್ರಾಂಶ ಆಗಾಗ ಮೂರೂ ಕೆಲಸಗಳನ್ನು ಒಂದೇ ಬೋರ್ಡಿಗೆ ತುಂಬುತ್ತಿತ್ತು. ಬೆಲ್ಟ್ ನಿಯಂತ್ರಣಕ್ಕೆ 10 ಮಿಲಿಸೆಕೆಂಡಿಗೊಮ್ಮೆ 3, ವಾಲ್ವಿಗೆ 20ಕ್ಕೊಮ್ಮೆ 8, ಕ್ಯಾಮೆರಾಗೆ 50ಕ್ಕೊಮ್ಮೆ 20 ಮಿಲಿಸೆಕೆಂಡ್ ಬೇಕು. ಕೂಡಿದರೆ ಒಂದು ಬೋರ್ಡಿನ ಸಮಯದ ಶೇ. 110. ಎಂಥಾ ಶೆಡ್ಯೂಲರ್ (ಯಾವ ಕೆಲಸ ಯಾವಾಗ ನಡೆಯಬೇಕೆಂದು ನಿರ್ಧರಿಸುವ ತಂತ್ರಾಂಶ) ತಂದರೂ ಒಂದೇ ಪ್ರೊಸೆಸರ್‌ನಲ್ಲಿ ಅದು ಹಿಡಿಸುವುದಿಲ್ಲ.

ಈಗ ಪ್ರತಿ ಕೆಲಸಕ್ಕೂ ಬೋರ್ಡ್ ಖಾಯಂ. ಬೆಲ್ಟ್, ವಾಲ್ವ್ ಎರಡೂ ಒಂದರಲ್ಲಿ, ಶೇ. 70. ಅವಧಿ ಚಿಕ್ಕದಿದ್ದಷ್ಟೂ ಆದ್ಯತೆ ಹೆಚ್ಚು ಕೊಟ್ಟರೆ ಎಷ್ಟು ಲೋಡಿನವರೆಗೆ ಯಾವ ಕೆಲಸವೂ ತಡವಾಗದು ಅಂತ ಸಂಶೋಧಕರಾದ ಲಿಯು ಮತ್ತು ಲೇಲ್ಯಾಂಡ್ 1973ರಲ್ಲಿ ತೋರಿಸಿದ ಮಿತಿ ಎರಡು ಕೆಲಸಗಳಿಗೆ ಸುಮಾರು ಶೇ. 82.8. ಹಾಗಾಗಿ ಅವಧಿ ಚಿಕ್ಕದಿರುವ ಬೆಲ್ಟಿಗೆ ಹೆಚ್ಚು ಆದ್ಯತೆ ಕೊಟ್ಟರೆ ಸಾಕಾಯಿತು. ಕ್ಯಾಮೆರಾ ಎರಡನೆಯದರಲ್ಲಿ, ಲಾಗ್ (ಯಂತ್ರದ ಕೆಲಸದ ದಾಖಲೆ) ಮತ್ತು ಸ್ಕ್ರೀನ್ ಮೂರನೆಯದರಲ್ಲಿ.

ನೆಟ್‌ವರ್ಕಿನ ಗರಿಷ್ಠ ವಿಳಂಬವನ್ನೂ ಲೆಕ್ಕಕ್ಕೆ ಹಿಡಿಯಿರಿ ಅಂದವರಿಗೆ ವಿಶೇಷ ಧನ್ಯವಾದ. ಲಾಗ್ ಫೈಲುಗಳು ವಾಲ್ವಿಗೆ ಹೋಗುವ ಕ್ಯಾಮೆರಾ ಸಂದೇಶದ ದಾರಿಗೆ ಅಡ್ಡ ಬರುತ್ತಿದ್ದವು. ಬೋರ್ಡುಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್‌ನಲ್ಲಿ ಕ್ಯಾಮೆರಾಗೆ ಮೊದಲ ಆದ್ಯತೆ ಕೊಟ್ಟೆವು. ಮುಂಚೆ ಹುಳುಕು ಕಾಳಿಗೆ ಬೀಳಬೇಕಾದ ಗಾಳಿ ಅದರ ಹಿಂದೆ ಬರುವ ಒಳ್ಳೆ ಕಾಳನ್ನು ಹಾರಿಸುತ್ತಿತ್ತು. ರೈತರಿಗೆ ಅದು ನೇರ ನಷ್ಟ, ನನಗೆ ಅದೇ ಚಿಂತೆಯಾಗಿತ್ತು. ನಿನ್ನೆ ಇಡೀ ದಿನ ಓಡಿಸಿದರೂ ಒಂದು ಸಲವೂ ತಡವಾಗಲಿಲ್ಲ.

ಎರಡನೇ ಬೋರ್ಡ್ ಕೈಕೊಟ್ಟರೆ ಕ್ಯಾಮೆರಾ ಕೆಲಸವನ್ನು ಮೂರನೆಯದಕ್ಕೆ ಸಾಗಿಸುವುದು ಇನ್ನೂ ಬಾಕಿ ಇದೆ. ಅಲ್ಲಿಯವರೆಗೆ ಅಂಥ ಸಂದರ್ಭದಲ್ಲಿ ಬೆಲ್ಟ್ ತಾನಾಗಿ ನಿಲ್ಲುವಂತೆ ಮಾಡಿದ್ದೇವೆ.