ಡಿಸ್ಕ್ ಇರೋ ಪಿಎಸ್5 ತಗೋಬೇಕಾ, ಡಿಜಿಟಲ್ ಸಾಕಾ? ತುಮಕೂರಿನ ಕಡೆಯವರು ಅನುಭವ ಹೇಳಿ

ಕೇಳಿದವರು, ಎಸ್.ಎಸ್. ಪುರಂ:

ಮಗ ಪಿಯುಸಿ ಮುಗಿಸಿದ. ಒಳ್ಳೆ ಮಾರ್ಕ್ಸ್ ತೆಗೆದ್ರೆ ಪ್ಲೇಸ್ಟೇಷನ್ 5 (ಪಿಎಸ್5, ಟಿವಿಗೆ ಹಾಕಿ ಗೇಮ್ ಆಡೋ ಮೆಷಿನ್) ಕೊಡಿಸ್ತೀನಿ ಅಂತ ಅವರಪ್ಪ ಬಾಯಿ ಬಿಟ್ಟಿದ್ದರು, ಈಗ ತಪ್ಪಿಸಿಕೊಳ್ಳೋ ಹಾಗಿಲ್ಲ. ಅಂಗಡೀಲಿ ವಿಚಾರಿಸಿದ್ರೆ ಎರಡು ಥರ ಇದೆ ಅಂದ್ರು. ಡಿಸ್ಕ್ ಹಾಕೋದು ಒಂದು, ಡಿಸ್ಕ್ ಜಾಗನೇ ಇಲ್ಲದೆ ಗೇಮನ್ನ ನೆಟ್ಟಿಂದ ಇಳಿಸ್ಕೊಳ್ಳೋ ಡಿಜಿಟಲ್ ಇನ್ನೊಂದು. ಡಿಜಿಟಲ್‌ಗೆ ಬೆಲೆ ಕಡಿಮೆ. ಮಗ ಅದೇ ಸಾಕು ಅಂತಾನೆ. ಅವರಪ್ಪ "ದುಡ್ಡು ಕೊಟ್ಟ ಮೇಲೆ ಕೈಗೆ ಏನಾದ್ರೂ ಸಾಮಾನು ಬರಬೇಕು" ಅಂತಾರೆ. ನನಗೆ ಇದರ ತಲೆಬುಡ ತಿಳಿಯಲ್ಲ. ಒಂದೊಂದು ಗೇಮೇ ಐದು ಸಾವಿರ ಅಂತೆ! ಮನೇಲಿ ಫೈಬರ್ ಇದೆ. ಬಳಸಿದವರು ಹೇಳಿ, ಯಾವುದು ವಾಸಿ?

ಶೆಟ್ಟಿಹಳ್ಳಿ:

ಡಿಸ್ಕ್ ಇರೋದೇ ತಗೊಳ್ಳಿ ಅಕ್ಕ. ಅದರಲ್ಲಿ ಡಿಜಿಟಲ್ ಗೇಮೂ ಆಡಬಹುದು. ಡಿಜಿಟಲ್ ಮೆಷಿನ್ನಲ್ಲಿ, ಬೇರೆ ಡಿಸ್ಕ್ ಡ್ರೈವ್ ಕೊಂಡು ಜೋಡಿಸದೆ, ಡಿಸ್ಕ್ ಆಡಕ್ಕಾಗಲ್ಲ. ಇಷ್ಟೇ ವಿಷಯ.

ಕ್ಯಾತ್ಸಂದ್ರ:

ಇಷ್ಟೇ ಅಲ್ಲ ಗುರು, ಸ್ವಲ್ಪ ತಡಿ. ನಾನು ಪಿಎಸ್4 ಕಾಲದಿಂದ ಡಿಸ್ಕ್ ತಗೊಳ್ತಿರೋನು. ಕಂಪ್ಯೂಟರಿನಲ್ಲಿ ಮಾತ್ರ ಪೂರ್ತಿ ಡಿಜಿಟಲ್. ಹಾಗಾಗಿ ಎರಡೂ ಕಡೆಯ ಸುಖದುಃಖ ಗೊತ್ತು. ಸ್ವಲ್ಪ ಉದ್ದ ಆಗುತ್ತೆ ಮೇಡಂ, ಓದ್ಕೊಳ್ಳಿ.

ಮೊದಲು ದುಡ್ಡು. 2021ರ ಫೆಬ್ರುವರಿಯಲ್ಲಿ ಪಿಎಸ್5 ಇಲ್ಲಿಗೆ ಬಂದಾಗ ಡಿಸ್ಕಿನದು 49,990 ರೂಪಾಯಿ, ಡಿಜಿಟಲ್ 39,990. 2024ರಲ್ಲಿ ಸ್ಲಿಮ್ ಅನ್ನೋ ಸಣ್ಣ ಮಾಡೆಲ್ ಇಲ್ಲಿಗೆ ಬಂದಾಗ 54,990 ಮತ್ತು 44,990. ಮೆಷಿನ್ ದುಬಾರಿ ಆಯ್ತು, ಅಂತರ ಆಗಲೂ ಅದೇ ಹತ್ತು ಸಾವಿರ. ಸೋನಿಯವರದೇ ದೊಡ್ಡ ಗೇಮ್ ಹೊಸದಾಗಿ ಬಂದಾಗ 4,999. ಈ ಡಿಸ್ಕನ್ನ ಬೇಗ ಆಡಿ ಮುಗಿಸಿ ಮಾರಿದ್ರೆ ನಮ್ಮ ಗುಂಪಿನಲ್ಲಿ ಮೂರು ಸಾವಿರದ ಮೇಲೇ ಸಿಗುತ್ತೆ. ಅಂದ್ರೆ ಆ ಗೇಮ್ ನಿಮಗೆ ಬಿದ್ದಿದ್ದು ಎರಡು ಸಾವಿರದೊಳಗೆ. ಇನ್ನೊಬ್ಬರು ಆಡಿದ ಡಿಸ್ಕನ್ನೇ ಕೊಂಡು, ಆಡಿ, ಮತ್ತೆ ಮಾರಿದ್ರೆ ಐನೂರು-ಆರುನೂರರಲ್ಲಿ ಕೆಲಸ ಆಗುತ್ತೆ. ನಾಲ್ಕು ಗೇಮ್ ಹೀಗೆ ಮಾಡೋ ಹೊತ್ತಿಗೆ ನೀವು ಡಿಸ್ಕ್ ಮೆಷಿನ್‌ಗೆ ಜಾಸ್ತಿ ಕೊಟ್ಟ ದುಡ್ಡು ಹುಟ್ಟಿರುತ್ತೆ. ಡಿಜಿಟಲ್ ಗೇಮನ್ನ ಮಾರೋ ಹಾಗಿಲ್ಲ, ಅಣ್ಣತಮ್ಮಂದಿರಿಗೆ ಒಂದು ವಾರ ಕೊಟ್ಟು ಇಸ್ಕೊಳ್ಳೋ ಹಾಗೂ ಇಲ್ಲ. ಖರೀದಿಸಿದ ಅಕೌಂಟ್ ಜೊತೆಗೇ ಅದರ ಋಣ.

ಆದರೆ ಈ ಲೆಕ್ಕ ನಡೆಯಬೇಕಾದ್ರೆ ಕೊಡೋರು ತಗೊಳ್ಳೋರು ಸುತ್ತ ಇರಬೇಕು. ನಮಗೆ ಎಸ್‌ಐಟಿ ಕಾಲೇಜಿನ ದಿನಗಳಿಂದ ಒಂದು ವಾಟ್ಸಾಪ್ ಗುಂಪು ಇದೆ. ಒಬ್ಬ ಹೊಸದು ತರ್ತಾನೆ, ಅದು ಬಟವಾಡಿ, ಹೊರಪೇಟೆ, ಗುಬ್ಬಿ ಸುತ್ತಿ ಬರುತ್ತೆ. ದಿನಾ ಟ್ರೇನಲ್ಲಿ ಬೆಂಗಳೂರಿಗೆ ಹೋಗಿ ಬರೋ ಇಬ್ಬರು ಇದ್ದಾರೆ, ಅಲ್ಲಿಯವರ ಹತ್ರ ಬದಲಾಯಿಸ್ಕೊಂಡು ಬರ್ತಾರೆ. ಇಂಥ ಬಳಗ ಇಲ್ಲದೆ ಒಬ್ಬನೇ ಕೂತು ಆಡೋ ಹುಡುಗನಿಗೆ, ಕೊಂಡ ಡಿಸ್ಕೆಲ್ಲ ಷೋಕೇಸಲ್ಲೇ ಉಳಿಯುತ್ತೆ ಅನ್ನೋ ಮನೆಗೆ, ನಾನು ಡಿಸ್ಕ್ ಮೆಷಿನ್ ತಗೊಳ್ಳಿ ಅಂತ ಒತ್ತಾಯ ಮಾಡಲ್ಲ. ಅಂಥವರಿಗೆ ಡಿಜಿಟಲ್ ಸ್ಟೋರಿನ ಸೇಲೇ ಲಾಭ. ಬಂದು ಒಂದೆರಡು ವರ್ಷ ಆದ ಗೇಮ್‌ಗಳು ಅಲ್ಲಿ ಅರ್ಧ ಬೆಲೆಗೆ, ಕೆಲವೊಮ್ಮೆ ಅದಕ್ಕೂ ಕಡಿಮೆಗೆ ಬರ್ತಾವೆ. ಕಾಯೋ ತಾಳ್ಮೆ ಇರಬೇಕು ಅಷ್ಟೆ. ಹದಿನೆಂಟರ ಹುಡುಗನಿಗೆ ಅದೆಲ್ಲಿಂದ ಬರಬೇಕು ಬಿಡಿ.

ಇನ್ನೊಂದು, ಎಲ್ಲಾ ಡಿಸ್ಕೂ ಬೆಲೆ ಉಳಿಸ್ಕೊಳ್ಳಲ್ಲ. ವರ್ಷಕ್ಕೊಂದು ಬರೋ ಫುಟ್‌ಬಾಲ್ ಗೇಮ್ ಇದೆಯಲ್ಲ, ಹೊಸದು ಬಂದ ದಿನ ಹಳೇದು ಯುಗಾದಿ ದಾಟಿದ ಪಂಚಾಂಗ. ಅದನ್ನ ಡಿಸ್ಕಲ್ಲಿ ತಗೊಂಡ್ರೆ ಎರಡೇ ತಿಂಗಳಲ್ಲಿ ಕೈ ಬಿಡಿ, ಇಲ್ಲಾ ಸೇಲಲ್ಲಿ ಡಿಜಿಟಲ್ ತಗೊಳ್ಳಿ.

ಈಗ ಯಜಮಾನ್ರು ಹೇಳಿದ "ಕೈಗೆ ಸಾಮಾನು" ವಿಚಾರ. ಮಾತು ನ್ಯಾಯವಾದ್ದೇ. ಆದರೆ ಈಗಿನ ಡಿಸ್ಕು ಹಳೇ ಸಿಡಿ ಥರ ಅಲ್ಲ. ಪಿಎಸ್5 ಡಿಸ್ಕಿನಿಂದ ನೇರವಾಗಿ ಆಡಲ್ಲ. ಗೇಮನ್ನ ಒಳಗಿನ ಎಸ್‌ಎಸ್‌ಡಿ ಅನ್ನೋ ಸ್ಟೋರೇಜ್‌ಗೆ ಇಳಿಸ್ಕೊಳ್ಳುತ್ತೆ, ಆಮೇಲೂ ಆಡೋವಾಗ ಡಿಸ್ಕ್ ಒಳಗೇ ಇರಬೇಕು, ಸಾಕ್ಷಿಗೆ. 2022ರಲ್ಲಿ ಬಂದ 'ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2' ಪಿಎಸ್5 ಡಿಸ್ಕಲ್ಲಿ ಇದ್ದಿದ್ದು ಸುಮಾರು 70 ಎಂಬಿ. ಮಿಕ್ಕಿದ್ದೆಲ್ಲ ನೆಟ್ಟಿಂದಲೇ ಇಳಿಸಬೇಕು. ಯೂಬಿಸಾಫ್ಟ್‌ನ 'ದಿ ಕ್ರೂ' ಅನ್ನೋ ಕಾರ್ ಗೇಮ್ ಅಂತೂ ಸರ್ವರ್ ಇಲ್ಲದೆ ನಡೀತಾನೇ ಇರಲಿಲ್ಲ. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದ್ರು, ಡಿಸ್ಕ್ ಇದ್ದವನಿಗೂ ಗೇಮ್ ಹೋಯ್ತು.

ಡಿಜಿಟಲ್ ಕಡೆ ನೋಡಿದ್ರೆ, ನಿಂಟೆಂಡೊದವರು 2023ರ ಮಾರ್ಚಲ್ಲಿ ತಮ್ಮ ಹಳೇ ಗೇಮ್ ಮೆಷಿನ್‌ಗಳಾದ ವೀ ಯು, 3ಡಿಎಸ್‌ನ ಆನ್‌ಲೈನ್ ಅಂಗಡಿ ಮುಚ್ಚಿದ್ರು. ಮೈಕ್ರೋಸಾಫ್ಟ್‌ನವರು 2024ರ ಜುಲೈಯಲ್ಲಿ ಎಕ್ಸ್‌ಬಾಕ್ಸ್ 360 ಅಂಗಡಿ ಮುಚ್ಚಿದ್ರು. ಅಲ್ಲಿವರೆಗೆ ಕೊಂಡಿದ್ದನ್ನ ಮತ್ತೆ ಇಳಿಸ್ಕೊಳ್ಳೋಕೆ ಬಿಟ್ಟರು, ಹೊಸದಾಗಿ ಕೊಳ್ಳೋದು ಬಂದ್. ಶಾಶ್ವತ ಅನ್ನೋದು ಎರಡರಲ್ಲೂ ಇಲ್ಲ ಮೇಡಂ. ಡಿಸ್ಕಿನಿಂದ ಸಿಗೋ ನಿಜವಾದ ಲಾಭ ಮಾರಬಹುದು, ಕೊಡಬಹುದು, ಇಸ್ಕೊಳ್ಳಬಹುದು ಅನ್ನೋದೇ. ನಿಮ್ಮ ಹುಡುಗನ ಸ್ನೇಹಿತರಲ್ಲಿ ಎಷ್ಟು ಜನರ ಹತ್ರ ಪಿಎಸ್5 ಇದೆ, ಯಾರ ಹತ್ರ ಡಿಸ್ಕಿನದು ಇದೆ ಅಂತ ಅವನನ್ನೇ ಕೇಳಿ. ಅಲ್ಲಿ ಉತ್ತರ ಸಿಗುತ್ತೆ.

ತಿಪಟೂರು ಹತ್ರದ ಹಳ್ಳಿ:

ಫೈಬರ್ ಇದ್ದವರ ಮಾತು ಬೇರೆ. ನಮ್ಮ ತೋಟದ ಮನೇಲಿ ಮೊಬೈಲ್ ನೆಟ್ಟೇ ಗತಿ. ದಿನಕ್ಕೆ ಎರಡು ಜಿಬಿ ಪ್ಯಾಕಲ್ಲಿ ನೂರು ಜಿಬಿ ಗೇಮ್ ಇಳಿಸೋದು ಯಾವಾಗ ಹೇಳಿ? ನನಗೆ ಡಿಸ್ಕ್ ಬಿಟ್ಟು ದಾರಿಯೇ ಇಲ್ಲ. ಪೂರ್ತಿ ಗೇಮ್ ಡಿಸ್ಕಲ್ಲಿರೋದನ್ನ ಮೊದಲೇ ವಿಚಾರಿಸಿ ತಗೋತೀನಿ, ಅಪ್‌ಡೇಟ್ ಬಂದ್ರೆ ಪೇಟೆಯಲ್ಲಿರೋ ಚಿಕ್ಕಪ್ಪನ ಮನೆಗೆ ಮೆಷಿನ್ ಹೊತ್ಕೊಂಡು ಹೋಗ್ತೀನಿ. ಚಿಕ್ಕಮ್ಮ ನಗ್ತಾರೆ, ನಗಲಿ.

ಎಸ್.ಎಸ್. ಪುರದ ಅಕ್ಕನಿಗೆ: 100 ಎಂಬಿಪಿಎಸ್ ಲೈನ್ ನಿಜವಾಗಿ ಅಷ್ಟು ಕೊಟ್ರೆ ನೂರು ಜಿಬಿ ಇಳಿಯೋಕೆ ಎರಡು ಗಂಟೆ ಕಾಲು ಸಾಕು. 40ರದ್ದಾದ್ರೆ ಐದೂವರೆ ಗಂಟೆ. ರಾತ್ರಿ ಹಾಕಿ ಮಲಗಿದ್ರೆ ಬೆಳಿಗ್ಗೆಗೆ ರೆಡಿ. ನಡುವೆ ಕರೆಂಟ್ ಹೋದ್ರೂ ಮೊದಲಿಂದ ಶುರು ಆಗಲ್ಲ, ಬಿಟ್ಟಲ್ಲಿಂದ ಇಳಿಯುತ್ತೆ. ಜಾಗ ಮಾತ್ರ ನೋಡ್ಕೊಳ್ಳಿ. ಮೊದಲ ಪಿಎಸ್5ರಲ್ಲಿ 825 ಜಿಬಿ ಅಂತ ಬರೆದಿದ್ರೂ ಗೇಮ್‌ಗೆ ಸಿಗೋದು 667. 2024ರಲ್ಲಿ ಇಲ್ಲಿಗೆ ಬಂದ ಸ್ಲಿಮ್‌ನಲ್ಲಿ 1 ಟಿಬಿ. ಡಿಸ್ಕ್ ಆದ್ರೂ ಡಿಜಿಟಲ್ ಆದ್ರೂ ಜಾಗ ಅಷ್ಟೇ ತಿನ್ನುತ್ತೆ. ಡಿಸ್ಕ್ ಇದ್ರೆ ಮೆಮೊರಿ ಉಳಿಯುತ್ತೆ ಅನ್ನೋದು ಸುಳ್ಳು.

ಎಂ.ಜಿ. ರಸ್ತೆ ಕಡೆ:

ಹುಡುಗ ಇಂಜಿನಿಯರಿಂಗ್ ಸೇರ್ತಾನಾ? ಹಾಗಿದ್ರೆ ಲ್ಯಾಪ್‌ಟಾಪ್ ಹೇಗೂ ಬೇಕು. ಗ್ರಾಫಿಕ್ಸ್ ಕಾರ್ಡ್ ಇರೋದು ತಗೊಂಡ್ರೆ ಗೇಮೂ ಅದರಲ್ಲೇ. ಅಲ್ಲಿ ಡಿಸ್ಕಾ ಡಿಜಿಟಲ್ಲಾ ಅನ್ನೋ ಜಗಳವೇ ಇಲ್ಲ, ಡಿಸ್ಕ್ ಕಾಲ ಹೋಗಿಯಾಯ್ತು. ಪಿಸಿ ಗೇಮ್ ಡಬ್ಬಿ ತೆಗೆದ್ರೆ ಒಳಗೆ ಒಂದು ಚೀಟಿ, ಅದರ ಮೇಲೆ ಕೋಡ್. ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ರೂಪಾಯಿಯಲ್ಲೇ ಬೆಲೆ, ಯುಪಿಐಯಲ್ಲೇ ಪಾವತಿ. ಹಿಡಿಸದಿದ್ರೆ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ರೆ, ದುಡ್ಡು ವಾಪಸ್. ಜಿಒಜಿ ಅಂತ ಇನ್ನೊಂದು ಇದೆ, ಅಲ್ಲಿ ಕೊಂಡ ಗೇಮಿನ ಇನ್‌ಸ್ಟಾಲರ್ ಫೈಲನ್ನೇ ಇಳಿಸಿ ಹಾರ್ಡ್‌ಡಿಸ್ಕಲ್ಲಿ ಇಟ್ಕೊಳ್ಳಬಹುದು, ನೆಟ್ ಇಲ್ಲದೆ ಹಾಕ್ಕೋಬಹುದು. ಯಜಮಾನ್ರಿಗೆ ಇದು ಒಪ್ಪಿಗೆ ಆಗಬಹುದು ನೋಡಿ. ಎಪಿಕ್ ಅನ್ನೋ ಮತ್ತೊಂದು ಅಂಗಡಿಯವರು ವಾರವಾರ ಗೇಮ್ ಪುಕ್ಕಟೆ ಕೊಡ್ತಾರೆ.

ಗುಬ್ಬಿ:

ನಾನೂ ಒಬ್ಬಳು ತಾಯಿ, ನಮ್ಮನೇಲಿ ಡಿಜಿಟಲ್ ಮೆಷಿನ್ ಇದೆ. ಗೇಮ್ ಬಗ್ಗೆ ನನಗೆ ಹೇಳಕ್ಕೆ ಬರಲ್ಲ, ದುಡ್ಡಿನ ಬಗ್ಗೆ ಬರುತ್ತೆ. ಕಾರ್ಡ್ ನಂಬರ್ ಅದರಲ್ಲಿ ಉಳಿಸಬೇಡಿ. ನಾವು ಗಿಫ್ಟ್ ಕಾರ್ಡ್ ತಂದು ಅಷ್ಟೇ ದುಡ್ಡು ಹಾಕ್ತೀವಿ, ಮುಗಿದ್ರೆ ಮುಂದಿನ ತಿಂಗಳು. ಅಂಗಡಿಗೆ ಹೋಗಿ ಡಿಸ್ಕ್ ತರೋವಾಗ ಬಸ್ ಸ್ಟ್ಯಾಂಡ್ ತಲುಪೋಷ್ಟರಲ್ಲಿ ಒಂದು ಸಲ ಯೋಚನೆ ಬರುತ್ತೆ, ಬೇಕಾ ಇದು ಅಂತ. ಇಲ್ಲಿ ಒಂದು ಬಟನ್. ಪ್ಲೇಸ್ಟೇಷನ್ ಸ್ಟೋರಲ್ಲಿ ಕೊಂಡ ಗೇಮನ್ನ ಹದಿನಾಲ್ಕು ದಿನದೊಳಗೆ ವಾಪಸ್ ಮಾಡಬಹುದು, ಆದರೆ ಡೌನ್‌ಲೋಡ್ ಶುರು ಆಯ್ತು ಅಂದ್ರೆ ಆ ಅವಕಾಶ ಹೋಯ್ತು. ಅಕೌಂಟಿನ ಈಮೇಲ್, ಪಾಸ್‌ವರ್ಡ್ ಪುಸ್ತಕದಲ್ಲಿ ಬರೆದಿಡಿ. ಅದು ಕಳೆದ್ರೆ ಅಷ್ಟೂ ಗೇಮ್ ಹೋದ ಹಾಗೆ.

ಆನ್‌ಲೈನಲ್ಲಿ "4,999ರ ಗೇಮ್ 900ಕ್ಕೆ" ಅಂತ ಮೆಸೇಜ್ ಬರುತ್ತೆ. ಅದು ಗೇಮ್ ಅಲ್ಲ, ಯಾರದೋ ಅಕೌಂಟಿನ ಪಾಸ್‌ವರ್ಡ್. ಒಂದೇ ಅಕೌಂಟನ್ನ ಹತ್ತು ಜನಕ್ಕೆ ಮಾರಿರ್ತಾರೆ. ನಮ್ಮ ಅಣ್ಣನ ಮಗ ತಗೊಂಡಿದ್ದ, ಸ್ವಲ್ಪ ದಿನಕ್ಕೆ ಮಾರಿದವನೇ ಪಾಸ್‌ವರ್ಡ್ ಬದಲಾಯಿಸಿಬಿಟ್ಟ. ಯಾರನ್ನ ಹಿಡಿಯೋದು?

ಕೇಳಿದವರು, ಎಸ್.ಎಸ್. ಪುರಂ:

ಎಲ್ಲರಿಗೂ ತುಂಬಾ ಧನ್ಯವಾದ. ಕ್ಯಾತ್ಸಂದ್ರದವರು ಹೇಳಿದ ಹಾಗೆ ಮಗನನ್ನ ಕೇಳಿದೆ. ಕ್ಲಾಸಿನ ಮೂವರ ಹತ್ರ ಇದೆಯಂತೆ, ಮೂರೂ ಡಿಸ್ಕಿನದೇ! "ಮತ್ತೆ ನಿನಗ್ಯಾಕೋ ಡಿಜಿಟಲ್" ಅಂದ್ರೆ, ಎದ್ದು ಡಿಸ್ಕ್ ಬದಲಾಯಿಸೋದು ಬೇಜಾರು ಅಂತೆ. ಸೋಮಾರಿ. ಡಿಸ್ಕ್ ಇರೋದೇ ತಗೋತೀವಿ. ಇನ್ನೆರಡು ಪ್ರಶ್ನೆ: ನಮ್ಮ ಭಾವನವರು ದುಬೈನಲ್ಲಿದ್ದಾರೆ, ಅಲ್ಲಿಂದ ಡಿಸ್ಕ್ ತರಿಸಬಹುದಾ? ಆಮೇಲೆ ಯಾರೋ ಆಡಿದ ಡಿಸ್ಕ್ ಕೊಳ್ಳೋವಾಗ ಏನು ನೋಡಬೇಕು?

ಕ್ಯಾತ್ಸಂದ್ರ:

ದುಬೈ ಡಿಸ್ಕ್ ಇಲ್ಲೂ ಆಡುತ್ತೆ, ಪಿಎಸ್5 ಡಿಸ್ಕಿಗೆ ದೇಶದ ಬೇಲಿ ಇಲ್ಲ. ತೊಡಕು ಬರೋದು ಡಿಎಲ್‌ಸಿಯಲ್ಲಿ, ಅಂದ್ರೆ ಗೇಮಿಗೆ ಆಮೇಲೆ ದುಡ್ಡು ಕೊಟ್ಟು ಸೇರಿಸೋ ಹೊಸ ಕಥೆ, ಆಟಗಾರರು ಇತ್ಯಾದಿ. ಡಿಸ್ಕಿನ ರೀಜನ್ (ಯಾವ ದೇಶದ ಕಡೆಯದು ಅನ್ನೋದು) ಒಂದು, ಅಕೌಂಟಿನ ರೀಜನ್ ಇನ್ನೊಂದು ಆದ್ರೆ ಅದು ಸೇರಲ್ಲ. ಅಂಥದ್ದು ಬೇಕಾಗೋ ಗೇಮನ್ನ ಇಲ್ಲೇ ತಗೊಳ್ಳಿ, ಒಂದೇ ಸಲ ಆಡಿ ಮುಗಿಸೋ ಕಥೆ ಗೇಮನ್ನ ಭಾವನವರಿಗೆ ಹೇಳಿ.

ಹಳೇ ಡಿಸ್ಕ್ ಕೊಳ್ಳೋವಾಗ ಹಿಂಬದಿಯನ್ನ ಮೊಬೈಲ್ ಟಾರ್ಚಿಗೆ ಓರೆ ಹಿಡಿದು ನೋಡಿ. ಕೂದಲೆಳೆಯಂಥ ಗೀರು ಪರವಾಗಿಲ್ಲ. ಉಗುರಿಗೆ ಸಿಕ್ಕೋ ಗೀರು, ನಡುವಿನ ರಂಧ್ರದ ಸುತ್ತ ಬಿರುಕು ಇದ್ರೆ ಬೇಡ. ಆಗೋ ಹಾಗಿದ್ರೆ ಮಾರೋರ ಮೆಷಿನ್ನಲ್ಲೇ ಹಾಕಿಸಿ ಶುರು ಆಗೋದನ್ನ ನೋಡ್ಕೊಂಡು ದುಡ್ಡು ಕೊಡಿ. ಡಬ್ಬಿಯೊಳಗೆ ಬೋನಸ್ ಕೋಡ್ ಇದೆ ಅಂತ ನೂರಿನ್ನೂರು ಜಾಸ್ತಿ ಕೇಳ್ತಾರೆ, ಕೊಡಬೇಡಿ, ಮೊದಲನೆಯವರು ಅದನ್ನ ಬಳಸಿರ್ತಾರೆ. ಡಬ್ಬಿ ಮೇಲೆ ಪಿಎಸ್4 ಅಂತಿದ್ರೂ ಅಡ್ಡಿ ಇಲ್ಲ. ಪಿಎಸ್4 ಡಿಸ್ಕುಗಳಲ್ಲಿ ಹೆಚ್ಚುಕಮ್ಮಿ ಎಲ್ಲಾ ಇದರಲ್ಲಿ ಆಡ್ತಾವೆ, ಅವು ಇನ್ನೂ ಅಗ್ಗ. ನನ್ನ ಹತ್ರ ಅಂಥವು ಕೆಲವಿವೆ. ಮೆಷಿನ್ ಬಂದ ಮೇಲೆ ಹುಡುಗನನ್ನ ಕಳಿಸಿ, ಎರಡು ಕೊಡ್ತೀನಿ. ಆಡಿ ವಾಪಸ್ ಕೊಡಲಿ.