ಸ್ಯಾಟ್ ಎರಡು ಸಲ ಬರ್ದಿದೀನಿ, ಯಾವ ಸ್ಕೋರ್ ಕಳ್ಸೋದು? ಮಾರ್ಚ್‌ದು ಆಗ್ಲೇ ನಾಲ್ಕು ಕಡೆ ಹೋಗ್ಬಿಟ್ಟಿದೆ!!

ಹಾಸನದ_ಹುಡುಗಿ

ಎಲ್ರಿಗೂ ನಮಸ್ಕಾರ. ನಾನು ಹಾಸನದವಳು, ಸೆಕೆಂಡ್ ಪಿಯು, ಪಿಸಿಎಂಸಿ. ನಮ್ ಕಾಲೇಜಲ್ಲಿ ಎಲ್ರೂ ಸಿಇಟಿ, ಜೆಇಇ ಅಂತ ಓಡ್ತಿದಾರೆ, ಸ್ಯಾಟ್ (ಅಮೆರಿಕದ ಕಾಲೇಜು ಸೇರೋಕೆ ಬರೆಯೋ ಪರೀಕ್ಷೆ) ಬರ್ದಿರೋದು ನಾನೊಬ್ಳೇ, ಕೇಳೋಣ ಅಂದ್ರೆ ಗೊತ್ತಿರೋರು ಯಾರೂ ಇಲ್ಲ, ಅದಕ್ಕೆ ಇಲ್ಲಿ ಹಾಕ್ತಿದೀನಿ. ಉದ್ದ ಆದ್ರೆ ಬೈಬೇಡಿ.

ಮಾರ್ಚಲ್ಲಿ ಮೊದಲ್ನೇ ಸಲ ಬರ್ದೆ. ಫಸ್ಟ್ ಪಿಯು ಪರೀಕ್ಷೆ ಆಗಷ್ಟೇ ಮುಗ್ದಿತ್ತು, ತಯಾರಿ ಅಷ್ಟಕ್ಕಷ್ಟೆ. ಸೆಂಟರ್ ಬೆಂಗಳೂರು. ರಾತ್ರಿ ಒಂದೂವರೆ ಬಸ್ಸಿಗೆ ಅಪ್ಪನ ಜೊತೆ ಹೊರಟಿದ್ದು, ಬೆಳ್ಳೂರ್ ಕ್ರಾಸಲ್ಲಿ ನಿಲ್ಸಿದಾಗ ಒಂದು ಟೀ ಕುಡ್ದಿದ್ದು ಬಿಟ್ರೆ ಹೊಟ್ಟೆಗೆ ಏನೂ ಬಿದ್ದಿರ್ಲಿಲ್ಲ. ರೀಡಿಂಗ್ ಎರಡನೇ ಮಾಡ್ಯೂಲಲ್ಲಿ ಒಂದೇ ಪ್ಯಾಸೇಜ್ ನಾಲ್ಕ್ ಸಲ ಓದಿದ್ರೂ ತಲೆಗೆ ಹೋಗ್ತಿಲ್ಲ, ಮೇಲ್ಗಡೆ ಟೈಮರ್ ಓಡ್ತಾನೇ ಇದೆ, ಅಳು ಬರೋದೊಂದು ಬಾಕಿ. ರೀಡಿಂಗ್-ರೈಟಿಂಗ್ 640, ಮ್ಯಾತ್ಸ್ 750, ಒಟ್ಟು 1600ಕ್ಕೆ 1390.

ಆಗಸ್ಟ್‌ಗೆ ಹಿಂದಿನ ದಿನಾನೇ ಹೋಗಿ ಚಿಕ್ಕಮ್ಮನ ಮನೇಲಿ ಉಳ್ಕೊಂಡು ನಿದ್ದೆ ಮಾಡಿ ಬರ್ದೆ. ರೀಡಿಂಗ್ 690 ಬಂತು, ಆದ್ರೆ ಮ್ಯಾತ್ಸ್ 730ಕ್ಕೆ ಇಳೀತು!! ಒಟ್ಟು 1420.

ಈಗ ಎಡವಟ್ಟು ಏನಂದ್ರೆ, ಮಾರ್ಚಲ್ಲಿ ರಿಜಿಸ್ಟರ್ ಮಾಡೋವಾಗ ನಾಲ್ಕು ಕಾಲೇಜಿಗೆ ಸ್ಕೋರ್ ಫ್ರೀಯಾಗಿ ಕಳಿಸ್ಬೋದು ಅಂತ ಇತ್ತು, ಅಪ್ಪ ಪಕ್ಕದಲ್ಲೇ ನಿಂತು "ಫ್ರೀ ಅಲ್ವೇನಮ್ಮ, ಹಾಕ್ಬಿಡು" ಅಂದ್ರು, ನಾನೂ ಹಾಕ್ಬಿಟ್ಟೆ. ಪರ್ಡ್ಯೂ, ಜಾರ್ಜ್‌ಟೌನ್ (ವಾಷಿಂಗ್ಟನ್ ಹತ್ರ ಮಾವ ಇದಾರೆ ಅಂತ), ಯುಸಿ ಡೇವಿಸ್, ಬೋಡನ್. ಹೀಗಾಗಿ ಆ 1390 ನಾಲ್ಕೂ ಕಡೆ ಹೋಗಿ ಕೂತಿದೆ.

ಈಗ ಆಗಸ್ಟ್‌ದು ಕಳಿಸ್ಬೇಕಾ? ಎರಡೂ ನೋಡಿದ್ರೆ ಸರಾಸರಿ ತೆಗೀತಾರಾ? ಮಾವ ಎಲ್ಲಾ ಕಳ್ಸು ಅಂತಾರೆ, ಆನ್‌ಲೈನ್ ಕ್ಲಾಸಿನ ಸರ್ ಕಮ್ಮಿ ಇರೋದನ್ನ ತೋರಿಸ್ಲೇಬಾರ್ದು ಅಂತಾರೆ. ಅಕ್ಟೋಬರಲ್ಲಿ ಇನ್ನೊಂದ್ಸಲ ಬರೀಲಾ? ತಲೆ ಕೆಟ್ಟಿದೆ.

ಮಲ್ನಾಡ್_ಮಂದಿ

1500 ಕೆಳಗಿದ್ರೆ ಎಲ್ಲಾ ಮುಚ್ಚಿಟ್ಬಿಡು. ಈಗ ಎಲ್ಲಾ ಕಡೆ ಟೆಸ್ಟ್ ಆಪ್ಷನಲ್ಲೇ, ಸ್ಕೋರ್ ಕೊಟ್ರೂ ಸರಿ, ಬಿಟ್ರೂ ಸರಿ. ಸುಮ್ನೆ ಸಿಇಟಿ ಬರಿ, ಮನೆ ಹತ್ರಾನೇ ಇಂಜಿನಿಯರಿಂಗ್ ಕಾಲೇಜ್ ಇದ್ಯಲ್ಲ.

ಸಕಲೇಶಪುರ_ಟು_ಇಂಡಿಯಾನಾ

ಮೇಲಿನ ಮಹಾನುಭಾವರ ಮಾತು ಕೇಳಿ ಮುಚ್ಚಿಟ್ರೆ ಪರ್ಡ್ಯೂ ಅರ್ಜೀನೇ ಅರ್ಧಂಬರ್ಧ ಅಂತ ಪಕ್ಕಕ್ಕೆ ಇಡ್ತಾರೆ. "ಎಲ್ಲಾ ಕಡೆ ಆಪ್ಷನಲ್" ಅನ್ನೋದು ಕೊರೊನಾ ಕಾಲದ ಮಾತು. ಎಂಐಟಿ 2022ರಲ್ಲೇ ವಾಪಸ್ ತಂತು, 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಒಂದರ ಹಿಂದೆ ಒಂದು ಸ್ಕೋರ್ ಕಡ್ಡಾಯ ಅಂದ್ವು. ಪರ್ಡ್ಯೂನೂ ಕೇಳತ್ತೆ. ನಾನು ಇರೋದು ಅಲ್ಲಿಂದ ಒಂದೂವರೆ ಗಂಟೆ ದೂರದಲ್ಲಿ, ನನ್ ಮಗ ಹೋದ್ ವರ್ಷ ಅರ್ಜಿ ಹಾಕ್ದ, ಇದೆಲ್ಲಾ ಕುತ್ತಿಗೆವರೆಗೂ ಓದ್ಕೊಂಡಿದೀನಿ.

ತಂಗಿ, ಮೊದ್ಲು ಸಮಾಧಾನ ಮಾಡ್ಕೋ. ನೀನು "ಯಾವ ಸ್ಕೋರ್ ಕಳ್ಸೋದು" ಅಂತ ಒಂದೇ ಪ್ರಶ್ನೆ ಕೇಳ್ತಿದೀಯ, ಆದ್ರೆ ನಿನ್ ಲಿಸ್ಟಲ್ಲಿರೋ ನಾಲ್ಕೂ ಕಾಲೇಜು ನಾಲ್ಕು ಥರ, ನಾಲ್ಕಕ್ಕೂ ಉತ್ತರ ಬೇರೆ ಬೇರೆ. ನೋಡ್ತಾ ಹೋಗು, ನಿನ್ ಎಡವಟ್ಟು ಅಷ್ಟೇನೂ ಎಡವಟ್ಟಲ್ಲ ಅಂತ ಗೊತ್ತಾಗತ್ತೆ.

ಯುಸಿ ಡೇವಿಸ್ ಸುಲಭ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಯಾವ ಕ್ಯಾಂಪಸ್ಸೂ ಅಡ್ಮಿಷನ್‌ಗೆ ಸ್ಯಾಟ್ ನೋಡೋದೇ ಇಲ್ಲ, ಸ್ಕಾಲರ್‌ಶಿಪ್‌ಗೂ ನೋಡಲ್ಲ. ಅವರದ್ದು ಆಪ್ಷನಲ್ ಅಲ್ಲ, ಟೆಸ್ಟ್ ಬ್ಲೈಂಡ್. ನೀನು 1600 ಕಳ್ಸಿದ್ರೂ ಅಷ್ಟೇ, 1390 ಕಳ್ಸಿದ್ರೂ ಅಷ್ಟೇ. ಒಂದು ಫ್ರೀ ರಿಪೋರ್ಟ್ ಹಾಳಾಯ್ತು, ಬಿಟ್ಟಾಕು.

ಜಾರ್ಜ್‌ಟೌನ್ ಉಲ್ಟಾ. ಅವ್ರು ನೀನು ಎಷ್ಟು ಸಲ ಬರ್ದಿದೀಯೋ ಅಷ್ಟೂ ಸಲದ್ದು ಕಳ್ಸು ಅಂತಾರೆ, ಸ್ಕೋರ್ ಚಾಯ್ಸ್ (ಯಾವ ಸಲದ್ದು ಕಳ್ಸೋದು ಅಂತ ನಾವೇ ಆರಿಸ್ಕೊಳೋದು) ಅಲ್ಲಿ ನಡೆಯಲ್ಲ. ಅಂದ್ಮೇಲೆ ಮಾರ್ಚ್‌ದು ಹೇಗಿದ್ರೂ ಹೋಗ್ಲೇಬೇಕಿತ್ತು, ಮೊದ್ಲೇ ಹೋಯ್ತು ಅಷ್ಟೆ. ಈಗ ಆಗಸ್ಟ್‌ದೂ ಕಳ್ಸು. ಅಕ್ಟೋಬರಲ್ಲಿ ಬರದ್ರೆ ಅದನ್ನೂ ಕಳಿಸ್ಬೇಕು, ನೆನಪಿರ್ಲಿ.

ಪರ್ಡ್ಯೂ ವಿಷ್ಯ ನಿಂಗೆ ಲಾಭ. ಅವ್ರು ಸೂಪರ್‌ಸ್ಕೋರ್ ಮಾಡ್ತಾರೆ. ಮಾರ್ಚಿನ ಮ್ಯಾತ್ಸ್ 750, ಆಗಸ್ಟ್‌ನ ರೀಡಿಂಗ್ 690, ಎರಡೂ ಸೇರ್ಸಿ 1440 ಅಂತ ನೋಡ್ತಾರೆ. ಸರಾಸರಿ ಗಿರಾಸರಿ ಏನಿಲ್ಲ. ನೀನು ಬಚ್ಚಿಡೋಣ ಅಂತಿರೋ ಆ 1390 ಒಳಗೇ ನಿನ್ನ ಒಳ್ಳೇ ಮ್ಯಾತ್ಸ್ ಮಾರ್ಕ್ಸ್ ಕೂತಿದೆ ಕಣಮ್ಮ! ಬರೀ ಮ್ಯಾತ್ಸ್ ಭಾಗ ಕಿತ್ತು ಕಳ್ಸೋಕೆ ಬರಲ್ಲ, ಸ್ಕೋರ್ ಚಾಯ್ಸ್ ಅಂದ್ರೆ ಡೇಟ್ ಆರಿಸ್ಕೊಳೋದು, ಒಂದು ಡೇಟ್‌ದು ಅಂದ್ರೆ ಇಡೀ ಡೇಟ್‌ದು ಹೋಗತ್ತೆ. ಆಗಸ್ಟ್‌ದು ಒಂದೇ ಕಳ್ಸಿದ್ರೆ 1420ಕ್ಕೆ ನಿಲ್ತಿತ್ತು, ಎರಡೂ ಹೋದ್ರೆ 1440. ನಿಮ್ಮಪ್ಪ ಮಾಡ್ಸಿದ್ದೇ ಒಳ್ಳೇದಾಯ್ತು.

ಬೋಡನ್ ಸ್ವಲ್ಪ ಕಷ್ಟ. ಅದು ನಿಜವಾದ ಟೆಸ್ಟ್ ಆಪ್ಷನಲ್, 1969ರಿಂದ. ಆಪ್ಷನಲ್ ಕಾಲೇಜಿನ ಅರ್ಜೀಲೇ ನಿನ್ ಸ್ಕೋರ್ ಪರಿಗಣಿಸ್ಬೇಕಾ ಬೇಡ್ವಾ ಅಂತ ಕೇಳಿರ್ತಾರೆ, ಬೇಡ ಅಂದ್ರೆ ಕೈಲಿದ್ರೂ ಓದಲ್ಲ. ಅಡ್ಮಿಷನ್ ಆಫೀಸಿಗೆ ಎರಡು ಸಾಲು ಮೇಲ್ ಹಾಕಿ ಖಾತ್ರಿ ಮಾಡ್ಕೋ, ಪಾಪ ಉತ್ತರ ಕೊಡ್ತಾರೆ. ನನ್ ಅಭಿಪ್ರಾಯ ಕೇಳಿದ್ರೆ ಅಲ್ಲಿಗೆ ಬೇಡ. ಕಾಮನ್ ಡೇಟಾ ಸೆಟ್ ಅಂತ ಪ್ರತಿ ಕಾಲೇಜೂ ಹಾಕತ್ತೆ, ಅದ್ರಲ್ಲಿ ಸಿ9 ಅನ್ನೋ ಕಡೆ ಸೇರಿದೋರ ಸ್ಕೋರು 25ನೇ ಪರ್ಸೆಂಟೈಲ್ (ನೂರಕ್ಕೆ 25 ಜನ ಇದಕ್ಕಿಂತ ಕೆಳಗೆ ಅಂತ), 75ನೇ ಪರ್ಸೆಂಟೈಲ್ ಎಷ್ಟು ಅಂತ ಇರತ್ತೆ. ನಿನ್ನದು ಮಧ್ಯಕ್ಕಿಂತ ಮೇಲಿದ್ರೆ ಕಣ್ಮುಚ್ಚಿ ಕಳ್ಸು, 25ಕ್ಕಿಂತ ಕೆಳಗಿದ್ರೆ ಯೋಚ್ನೆ ಮಾಡು. ಬೋಡನ್‌ನಲ್ಲಿ ಸ್ಕೋರ್ ಕೊಟ್ಟು ಸೇರಿದೋರಲ್ಲಿ 1500 ದಾಟಿದೋರೇ ಜಾಸ್ತಿ.

ಚಿಕ್ಕಮಗಳೂರ್_ಮೇಷ್ಟ್ರು

ನಾನು ಪಿಯು ಕಾಲೇಜಿನ ಲೆಕ್ಚರರ್. ಸೂಪರ್‌ಸ್ಕೋರ್ ಅನ್ನೋದು ಅಮೆರಿಕದ ದೊಡ್ಡ ವಿದ್ಯೆ ಏನಲ್ಲಮ್ಮ, ನಮ್ಮ ಬೋರ್ಡು 2024ರಿಂದ ಪರೀಕ್ಷೆ-1, ಪರೀಕ್ಷೆ-2 ಅಂತ ಮಾಡಿದೆಯಲ್ಲ, ಯಾವ ಸಬ್ಜೆಕ್ಟ್‌ಗೆ ಯಾವುದ್ರಲ್ಲಿ ಜಾಸ್ತಿ ಬಂತೋ ಅದನ್ನ ಇಟ್ಕೋಬಹುದು, ಅದೇ ಥರ. ಜೆಇಇ ಮೇನ್ ಇನ್ನೊಂದು ಥರ, ಎರಡು ಸೆಷನ್‌ನಲ್ಲಿ ಯಾವುದು ಮೇಲೋ ಅದನ್ನ ಅವರೇ ರ‍್ಯಾಂಕಿಗೆ ತಗೋತಾರೆ, ನೀನು ಆರ್ಸೋಕೆ ಏನೂ ಇಲ್ಲ. ನಮ್ ಮಕ್ಕಳಿಗೆ ಆರಿಸ್ಕೊಳೋ ಅಭ್ಯಾಸಾನೇ ಇಲ್ಲ, ಅದಕ್ಕೇ ಈ ಗಾಬರಿ.

ಬೋಡನ್ ವಿಷ್ಯದಲ್ಲಿ ಮಾತ್ರ ಇಂಡಿಯಾನಾ ಸರ್ ಮಾತು ನಾನು ಪೂರ್ತಿ ಒಪ್ಪಲ್ಲ. ಎರಡು ಕಾರಣ. ಒಂದು, ಆಪ್ಷನಲ್ ಕಾಲೇಜಲ್ಲಿ ಜಾಸ್ತಿ ಬಂದೋರು ಮಾತ್ರ ಸ್ಕೋರ್ ಕೊಟ್ಟಿರ್ತಾರೆ, ಕಮ್ಮಿ ಬಂದೋರು ಕೊಟ್ಟೇ ಇರಲ್ಲ, ಹಾಗಾಗಿ ಆ 1500 ಅನ್ನೋ ಅಂಕಿ ತಾನಾಗೇ ಊದಿಕೊಂಡಿರತ್ತೆ. ನಮ್ಮಲ್ಲಿ ಫೇಲಾದೋರನ್ನ ಬಿಟ್ಟು ಸರಾಸರಿ ತೆಗೆದು ಬ್ಯಾನರ್ ಹಾಕ್ತಾರಲ್ಲ, ಹಾಗೆ. ಎರಡು, ಡಾರ್ಟ್‌ಮತ್ 2024ರ ಫೆಬ್ರವರಿಯಲ್ಲಿ ಪರೀಕ್ಷೆ ವಾಪಸ್ ತಂದಾಗ ಕೊಟ್ಟ ಕಾರಣಾನೇ ಇದು, ಅನುಕೂಲ ಕಮ್ಮಿ ಇರೋ ಹಿನ್ನೆಲೆಯ ಕೆಲವು ಮಕ್ಕಳು ತಮ್ಮ ಸ್ಕೋರ್ ಸಾಲದು ಅಂತ ಬಚ್ಚಿಟ್ಟಿದ್ರು, ಕೊಟ್ಟಿದ್ರೆ ಅವರಿಗೇ ಅನುಕೂಲ ಆಗ್ತಿತ್ತು ಅಂತ ಅವರ ಪ್ರೊಫೆಸರ್‌ಗಳೇ ಲೆಕ್ಕ ಮಾಡಿ ಕಂಡ್ಕೊಂಡ್ರು. ಅಲ್ಲಿ ಸ್ಕೋರನ್ನ ಮಗು ಬಂದ ಶಾಲೆ ಜೊತೆ ಇಟ್ಟು ನೋಡ್ತಾರೆ. ಕಾಲೇಜಲ್ಲಿ ಸ್ಯಾಟ್ ಬರ್ದವಳು ನೀನೊಬ್ಳೇ, ಕೋಚಿಂಗ್ ಸೆಂಟರ್ ಇಲ್ಲ, ರಾತ್ರಿ ಬಸ್ಸಲ್ಲಿ ಕೂತು ಹೋಗಿ 1390 ತಗೊಂಡಿದೀಯ. ಅದು ಬೆಂಗಳೂರಿನ ಇಂಟರ್‌ನ್ಯಾಷನಲ್ ಸ್ಕೂಲಿನ 1390 ಅಲ್ಲ.

ಏಳನೇ ಕ್ಲಾಸ್‌ವರೆಗೆ ಯಾವ ಮೀಡಿಯಂ ನೀನು?

ಹಾಸನದ_ಹುಡುಗಿ

ಸರ್ ಕನ್ನಡ ಮೀಡಿಯಂ, ಏಳರವರೆಗೂ. ಎಂಟರಿಂದ ಇಂಗ್ಲಿಷ್. ಬೋಡನ್ ಹಾಕಿದ್ದೇ ದುಡ್ಡಿಗೆ ಸರ್, ವಿದೇಶಿ ಮಕ್ಕಳಿಗೂ ಫೀಸ್ ಕಟ್ಟೋ ಶಕ್ತಿ ಇದ್ಯಾ ಅಂತ ನೋಡ್ದೇನೇ ಅಡ್ಮಿಷನ್ ನಿರ್ಧಾರ ಮಾಡ್ತಾರೆ ಅಂತ ಓದಿದ್ದೆ. ನಿಜಾನಾ?

ಸಕಲೇಶಪುರ_ಟು_ಇಂಡಿಯಾನಾ

ನಿಜ, 2022ರಿಂದ ಹಾಗೆ ಮಾಡಿದಾರೆ, ಅಂಥ ಕಾಲೇಜುಗಳು ಬೆರಳೆಣಿಕೆ. ಅದಕ್ಕೇ ಪೈಪೋಟಿ ವಿಪರೀತ.

ಮೇಷ್ಟ್ರೇ, ಕನ್ನಡ ಮೀಡಿಯಂ ಅಂದ್ಮೇಲೆ ನನ್ ಮಾತು ಸ್ವಲ್ಪ ಸಡಿಲ ಮಾಡ್ಕೋತೀನಿ. ನನ್ ಮಗನ ಲೆಕ್ಕ ಇಟ್ಕೊಂಡು ಹೇಳಿದ್ದೆ, ಅವನ ಸ್ಕೂಲಲ್ಲಿ 1440 ಅಂದ್ರೆ ಯಾರೂ ತಿರುಗಿ ನೋಡಲ್ಲ. ಹಾಗಂತ ಬೋಡನ್‌ಗೆ ಕೊಡು ಅಂತ ಧೈರ್ಯವಾಗಿ ಹೇಳೋಕೂ ಆಗ್ತಿಲ್ಲ. ತಂಗಿ, ನಿನ್ ಅರ್ಜೀಲಿ ನೀನು ಎಲ್ಲಿಂದ ಬಂದೆ ಅನ್ನೋದು ಓದೋರಿಗೆ ಕಾಣ್ಸತ್ತಾ, ನಿನ್ ಕಾಲೇಜಿನವರು ಸ್ಕೂಲ್ ಪ್ರೊಫೈಲ್ (ಕಾಲೇಜು ಎಂಥದ್ದು ಅಂತ ಪರಿಚಯ ಮಾಡ್ಕೊಡೋ ಪುಟ) ಬರೆದು ಕೊಡ್ತಾರಾ? ಅದು ಇಲ್ದಿದ್ರೆ 1440 ಬರೀ 1440 ಆಗಿ ಕಾಣ್ಸತ್ತೆ.

ತೋಟದ_ಗೌಡ್ರು_ಮೂಡಿಗೆರೆ

ಇಂಗ್ಲಿಷ್ ವಿಷ್ಯ ನಂಗೆ ಅಷ್ಟು ಗೊತ್ತಿಲ್ಲ, ದುಡ್ಡಿನ ವಿಷ್ಯ ಹೇಳ್ತೀನಿ, ಯಾಕಂದ್ರೆ ಕಳ್ಕೊಂಡಿದೀನಿ. ಹೋದ ಸಲ ನನ್ ಮಗ ಒಂಬತ್ತು ಕಾಲೇಜಿಗೆ ಅರ್ಜಿ ಹಾಕ್ದ, ಒಂಬತ್ತಕ್ಕೂ ಅಧಿಕೃತ ರಿಪೋರ್ಟ್ ಕಳ್ಸಿದ್ವಿ, ಒಂದೊಂದಕ್ಕೆ ಸುಮಾರು 15 ಡಾಲರ್, ಮೇಲೆ ಬ್ಯಾಂಕಿನವರ ಪರಿವರ್ತನೆ ಚಾರ್ಜು. ಆಮೇಲೆ ಗೊತ್ತಾಯ್ತು ಅದ್ರಲ್ಲಿ ಬಹುಪಾಲು ಕಾಲೇಜಿಗೆ ಅರ್ಜೀಲೇ ನಾವೇ ಸ್ಕೋರ್ ತುಂಬಿದ್ರೆ ಸಾಕಿತ್ತು, ಸೀಟ್ ಸಿಕ್ಕಿ ಸೇರೋವಾಗ ಮಾತ್ರ ಅಧಿಕೃತದ್ದು ಕೇಳ್ತಾರಂತೆ. ಸೆಲ್ಫ್ ರಿಪೋರ್ಟ್ ಅಂತ ಹೆಸ್ರು. ಪ್ರತಿ ಕಾಲೇಜಿನ ವೆಬ್‌ಸೈಟಲ್ಲಿ ಅಡ್ಮಿಷನ್ ಪುಟ ತೆಗೆದು ಆ ಒಂದು ಪದ ಇದ್ಯಾ ನೋಡಮ್ಮ, ಇದ್ರೆ ದುಡ್ಡು ಉಳೀತು. ಮಗ ಕೊನೆಗೆ ಸೇರಿದ್ದು ಮೈಸೂರಲ್ಲಿ, ಅದು ಬೇರೆ ಕಥೆ.

ಇನ್ನೊಂದು. ಒಂದು ಕಾಲೇಜಿಗೆ ಒಂದು ಡೇಟ್ ಆರ್ಸಿ ಕಳ್ಸಿ, ಇನ್ನೊಂದು ದಿನ ಮತ್ತೊಂದು ಡೇಟ್ ಕಳ್ಸಿದ್ರೆ ಎರಡು ಸಲ ಫೀಸು. ಒಂದೇ ಆರ್ಡರಲ್ಲಿ ಎಷ್ಟು ಡೇಟ್ ಟಿಕ್ ಮಾಡಿದ್ರೂ ಫೀಸ್ ಒಂದೇ. ಇದನ್ನೂ ಕಳ್ಕೊಂಡೇ ಕಲ್ತಿದ್ದು.

ಮತ್ತೆ ಆ ಫ್ರೀ ರಿಪೋರ್ಟ್ ಅನ್ನೋದಿದ್ಯಲ್ಲ, ಪರೀಕ್ಷೆ ಆದ್ಮೇಲೆ ಒಂಬತ್ತು ದಿನದೊಳಗೆ ಹೇಳ್ಬೇಕು, ಸ್ಕೋರ್ ಬರೋದು ಸುಮಾರು ಎರಡು ವಾರಕ್ಕೆ. ಅಂದ್ರೆ ಏನು ಬಂದಿದೆ ಅಂತ ನೋಡೋಕ್ ಮುಂಚೇನೇ ಕಳಿಸ್ಬೇಕು. ಕ್ಯೂರಿಂಗ್ ವರ್ಕ್ಸ್‌ಗೆ ಕಾಫಿ ಚೀಲ ಕಳ್ಸೋಕೆ ಮುಂಚೆ ನಾವು ಒಂದ್ ಹಿಡಿ ಪಾರ್ಚ್‌ಮೆಂಟ್ (ಒಳಸಿಪ್ಪೆ ಇರೋ ಕಾಫಿ) ಉಜ್ಜಿ ಬೀಜ ನೋಡಿ ಔಟ್‌ಟರ್ನ್, ಅಂದ್ರೆ ಎಷ್ಟು ಬೀಜ ಸಿಗತ್ತೆ ಅಂತ ಅಂದಾಜು ಮಾಡಲ್ವಾ, ಇಲ್ಲಿ ಅದೂ ಇಲ್ಲ. ಎಲ್ಲಾ ಸ್ಕೋರ್ ನೋಡೋ ಕಾಲೇಜಿಗೆ, ಸೂಪರ್‌ಸ್ಕೋರ್ ಮಾಡೋರಿಗೆ ಫ್ರೀನಲ್ಲಿ ಕಳ್ಸು, ಆಪ್ಷನಲ್ ಕಾಲೇಜಿಗೆ ಫಲಿತಾಂಶ ಬಂದ್ಮೇಲೇ ಕಳ್ಸು. ನಿಮ್ಮಪ್ಪಂಗೂ ಹೇಳು. ನಾನೂ ಫ್ರೀ ಅಂದ್ರೆ ಮೊದ್ಲು ಕೈ ಚಾಚೋನೇ.

ಮಲ್ನಾಡ್_ಮಂದಿ

ಸರಿ ಸರಿ, ನಾನು ಹೇಳಿದ್ದು ಹಳೇ ಮಾಹಿತಿ ಇರ್ಬೋದು. ಆದ್ರೂ ಸಿಇಟಿ ಬರ್ದಿಟ್ಕೋ ಮಾರಾಯ್ತಿ, ಪಿಯು ಮಾರ್ಕ್ಸ್ ಅರ್ಧ, ಸಿಇಟಿ ಅರ್ಧ, ಕೈಲೊಂದು ರ‍್ಯಾಂಕ್ ಇರ್ಲಿ.

ಚಿಕ್ಕಮಗಳೂರ್_ಮೇಷ್ಟ್ರು

ಇದನ್ನ ಮಾತ್ರ ಒಪ್ತೀನಿ.

ಅಕ್ಟೋಬರ್ ಪರೀಕ್ಷೆ ಬಗ್ಗೆ: ಮ್ಯಾತ್ಸ್ 750 ನಿನ್ ಕೈಲಿದೆ, ಅದನ್ನ ಯಾರೂ ಕಿತ್ಕೊಳಲ್ಲ. ಬರೆದ್ರೆ ರೀಡಿಂಗ್ ಒಂದಕ್ಕೇ ಬರಿ. ಅದು 720 ಆದ್ರೂ ಪರ್ಡ್ಯೂ ಲೆಕ್ಕದಲ್ಲಿ 1470. ಆದ್ರೆ ಮಧ್ಯ ವಾರ್ಷಿಕ ಪರೀಕ್ಷೆನೂ ಆಸುಪಾಸಲ್ಲೇ ಬರತ್ತೆ, ಅಲ್ಲಿನವರಿಗೆ ಒಂಬತ್ತನೇ ಕ್ಲಾಸಿಂದ ಪಿಯುವರೆಗಿನ ಮಾರ್ಕ್ಸ್ ಈ ಮೂರ್ನೇ ಸ್ಯಾಟ್‌ಗಿಂತ ಜಾಸ್ತಿ ತೂಕ. ಫಿಸಿಕ್ಸ್ ಹಿಂದೆ ಬಿದ್ದಿದ್ರೆ ಬರೀಬೇಡ. ಬರೆಯೋದೇ ಆದ್ರೆ ರಾತ್ರಿ ಬಸ್ ಬೇಡ, ಚಿಕ್ಕಮ್ಮನ ಮನೆಗೇ ಹೋಗು.

ಸ್ಕೂಲ್ ಪ್ರೊಫೈಲ್ ಬಗ್ಗೆ ಇಂಡಿಯಾನಾ ಸರ್ ಕೇಳಿದ್ದು ಸರಿಯಾದ ಪ್ರಶ್ನೆ. ನಿಮ್ಮ ಪ್ರಿನ್ಸಿಪಾಲ್ ಹತ್ರ ಹೋಗಿ ಒಂದು ಪುಟ ಬರ್ಸ್ಕೊ. ಕಾಲೇಜಲ್ಲಿ ಎಷ್ಟು ಮಕ್ಕಳು, ಯಾವ ಬೋರ್ಡು, ಹೊರದೇಶಕ್ಕೆ ಇದಕ್ಕೂ ಮುಂಚೆ ಯಾರಾದ್ರೂ ಅರ್ಜಿ ಹಾಕಿದ್ರಾ, ಇಷ್ಟೇ ಸಾಕು. ಅವರಿಗೆ ಗೊತ್ತಾಗ್ದಿದ್ರೆ ಇಲ್ಲಿ ಕೇಳು, ಒಂದು ನಮೂನೆ ನಾನೇ ಬರ್ದು ಹಾಕ್ತೀನಿ.

ಹಾಸನದ_ಹುಡುಗಿ

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್!! ಎರಡು ದಿನದಿಂದ ಊಟ ಸೇರ್ತಿರ್ಲಿಲ್ಲ.

ಇವತ್ತು ಮಾಡಿದ್ದು: ಜಾರ್ಜ್‌ಟೌನ್‌ಗೆ ಆಗಸ್ಟ್‌ದು ಕಳ್ಸೋಕೆ ಹೊರಟೆ, ಅಪ್ಪನ ಕಾರ್ಡಲ್ಲಿ ವಿದೇಶಿ ವಹಿವಾಟು ಆಫ್ ಇದ್ದಿದ್ರಿಂದ ಮೂರು ಸಲ ಫೇಲಾಯ್ತು, ನಾಳೆ ಬ್ಯಾಂಕಿಗೆ ಹೋಗ್ತಾರಂತೆ. ಪರ್ಡ್ಯೂ ಪುಟದಲ್ಲಿ ಗೌಡ್ರು ಹೇಳಿದ ಪದ ಹುಡುಕ್ತಿದೀನಿ, ಇದ್ರೆ ಅರ್ಜೀಲೇ ಎರಡೂ ಡೇಟ್ ತುಂಬ್ತೀನಿ, ಇಲ್ದಿದ್ರೆ ಅದೂ ಆರ್ಡರ್ ಮಾಡ್ಬೇಕು. ಡೇವಿಸ್‌ಗೆ ಏನೂ ಇಲ್ಲ. ಅಕ್ಟೋಬರ್ ಬರೀತಿಲ್ಲ, ಫಿಸಿಕ್ಸ್ ನಿಜವಾಗ್ಲೂ ಹಿಂದೆ ಬಿದ್ದಿದೆ, ಮೇಷ್ಟ್ರಿಗೆ ಹೇಗೆ ಗೊತ್ತಾಯ್ತೋ.

ಬೋಡನ್ ಇನ್ನೂ ತೀರ್ಮಾನ ಆಗಿಲ್ಲ. ಪ್ರಿನ್ಸಿಪಾಲ್ ಹತ್ರ ಹೋಗಿದ್ದೆ, "ಸ್ಕೂಲ್ ಪ್ರೊಫೈಲ್ ಅಂದ್ರೆ ಏನಮ್ಮ, ಟಿಸಿ ಬೇಕಾ?" ಅಂದ್ರು. ಸರ್, ಆ ನಮೂನೆ ಹಾಕ್ತೀರಾ ಪ್ಲೀಸ್?