ತಲೆಯಲ್ಲಿರುವ ಕೊಬ್ಬಿನ ವಿಚಾರ

ಭಾನುವಾರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಯ ಮುಂದೆ ಕುಳಿತಿದ್ದಾಗ, ಲೈನ್‌ಮನ್ ಆಗಿದ್ದು ನಿವೃತ್ತರಾದ ಗಂಗಣ್ಣನವರು ಎರಡನೆಯ ಸಲ ಬೆಣ್ಣೆ ತರಿಸಿಕೊಂಡು, "ಮೆದುಳಿನ ಒಣತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬೇ ಇದೆಯಂತೆ, ಇದು ನಾಲಗೆಗಲ್ಲ, ಬುದ್ಧಿಗೆ" ಎಂದರು.

"ಹಾಗಾದರೆ 'ತಲೆಗೆ ಕೊಬ್ಬೇರಿದೆಯೇನೋ' ಎಂದು ನಾನು ಹುಡುಗರನ್ನು ಬೈದದ್ದೆಲ್ಲ ಶುದ್ಧ ವಿಜ್ಞಾನವೇ ಆಯಿತು" ಎಂದು ನಕ್ಕ ನಮ್ಮ ಮೇಷ್ಟ್ರು, ಪಾಠವನ್ನೇ ಆರಂಭಿಸಿದರು. 1929ರಲ್ಲಿ ಅಮೆರಿಕದ ಬರ್ ದಂಪತಿ ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟಾಗ ಅವುಗಳ ಬಾಲ ಹೊಟ್ಟೆದ್ದು ಬೆಳವಣಿಗೆ ಕುಂಠಿತವಾಯಿತೆಂದೂ, ದೇಹವು ತಾನೇ ತಯಾರಿಸಿಕೊಳ್ಳಲಾರದ ಕೊಬ್ಬಿನಾಮ್ಲಗಳಿಗೆ ಮಾತ್ರ 'ಅವಶ್ಯಕ' ಎಂಬ ಬಿರುದು ಸಲ್ಲುತ್ತದೆಂದೂ ವಿವರಿಸಿದರು.

"ನನ್ನ ದೇಹ ಬೆಣ್ಣೆ ತಯಾರಿಸಿದ್ದನ್ನು ನಾನಂತೂ ಕಂಡಿಲ್ಲ."

"ಅಂಗಿಯ ಗುಂಡಿ ಬಿಚ್ಚಿದರೆ ಕಾಣುತ್ತದೆ, ಗಂಗಣ್ಣನವರೇ."

ಗಂಗಣ್ಣನವರು ಸೋಲಲಿಲ್ಲ. ತಂತಿಗೆ ರಬ್ಬರ್ ಹೊದಿಕೆಯಿರುವಂತೆ ನರಗಳಿಗೂ ಮೈಲಿನ್ ಎಂಬ ಕೊಬ್ಬಿನ ಹೊದಿಕೆಯುಂಟಲ್ಲವೇ ಎಂದು ಕೇಳಿದರು. ಅದು ನಿಜವಾದರೂ ಆ ಹೊದಿಕೆಯ ಬಹುಪಾಲು ಕೊಬ್ಬನ್ನು ದೇಹವೇ ಒದಗಿಸಿಕೊಳ್ಳುತ್ತದೆ. ಒಮೆಗಾ-3 ಎಂಬ ಬಳಗಕ್ಕೆ ಸೇರಿದ ಡಿಎಚ್‌ಎ ಎಂಬ ಕೊಬ್ಬಿನಾಮ್ಲವು ಹೇರಳವಾಗಿರುವುದು ಒಂದು ನರಕೋಶ ಮತ್ತೊಂದಕ್ಕೆ ಸಂದೇಶ ದಾಟಿಸುವ ಜಾಗದ ಪೊರೆಯಲ್ಲಿ ಮತ್ತು ಕಣ್ಣಿನ ಅಕ್ಷಿಪಟಲದಲ್ಲಿ ಎಂದು ಮೇಷ್ಟ್ರು ಹೇಳಿದಾಗ, ಗಂಗಣ್ಣನವರು ಮೊದಲ ಬಾರಿಗೆ ಇಡ್ಲಿ ಬಿಟ್ಟು ತಲೆಯೆತ್ತಿದರು. "ಸರಿ, ನಮ್ಮಲ್ಲಿಯೂ ಫಾಲ್ಟ್ ಬರುತ್ತಿದ್ದುದು ಜಾಯಿಂಟಿನಲ್ಲಿಯೇ."

ಕಡಲೆಕಾಯಿ ಎಣ್ಣೆಯಲ್ಲಿಯೂ ಹುಚ್ಚೆಳ್ಳಿನಲ್ಲಿಯೂ ಕೊಬ್ಬಿನಾಮ್ಲಗಳ ಇನ್ನೊಂದು ಬಳಗವಾದ ಒಮೆಗಾ-6 ಧಾರಾಳವಾಗಿದ್ದರೂ ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ. ಅಗಸೆಯ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಫಾ ಲಿನೋಲೆನಿಕ್ ಎಂಬ ಒಮೆಗಾ-3 ಇದೆ. ಅದರಲ್ಲಿ ನಮ್ಮ ದೇಹದೊಳಗೆ ಡಿಎಚ್‌ಎ ಆಗಿ ಮಾರ್ಪಡುವುದು ಅತ್ಯಲ್ಪ. ಬೂತಾಯಿ, ಬಂಗುಡೆ ಮೀನುಗಳಲ್ಲಿ ಡಿಎಚ್‌ಎ ನೇರವಾಗಿ ಸಿಗುತ್ತದೆ, ಏಕೆಂದರೆ ಸಮುದ್ರದ ಸೂಕ್ಷ್ಮ ಪಾಚಿಯಲ್ಲಿ ತಯಾರಾದದ್ದು ಆಹಾರದ ಮೂಲಕ ಮೀನಿನ ಮೈ ಸೇರುತ್ತದೆ.

"ನಾನು ಸಸ್ಯಾಹಾರಿ. ಅಮಾನಿಕೆರೆಯ ಪಾಚಿ ಆಗುತ್ತದೆಯೇ?"

"ತೊಟ್ಟಿಗಳಲ್ಲಿ ಬೆಳೆಸಿದ ಪಾಚಿಯ ಎಣ್ಣೆ ಬೇರೆ ಇದೆ, ದಯವಿಟ್ಟು ಕೆರೆಗೆ ಇಳಿಯಬೇಡಿ. ಅಗಸೆಯನ್ನಾದರೂ ಪುಡಿ ಮಾಡಿ ತಿನ್ನಿ. ಇಡಿಯಾಗಿ ನುಂಗಿದರೆ ಅದು ಹೋದ ಹಾಗೆಯೇ ಬರುತ್ತದೆ."

ಮುಂದಿನ ಭಾನುವಾರ ಗಂಗಣ್ಣನವರು ಮನೆಯಿಂದ ಅಗಸೆ ಚಟ್ನಿಪುಡಿಯ ಡಬ್ಬಿಯನ್ನೇ ತಂದರು. ಇಡ್ಲಿಯ ಮೇಲೆ ಭಕ್ತಿಯಿಂದ ಹರಡಿ, ಪುಡಿ ಉದುರಿಹೋಗದಂತೆ ಅಂಟಿಸಲು ಸ್ವಲ್ಪ ಬೆಣ್ಣೆ ತರುವಂತೆ ಮಾಣಿಯನ್ನು ಕೂಗಿದರು.